ನೀರೊಳಗಿನ ಕನ್ನಡಕ

ಕನ್ನಡಕ ತೊಳೆಯುವಾಗ ನಾನು ಈಗಲೂ ಅದನ್ನು ನೀರಿನಲ್ಲಿ ಮುಳುಗಿಸುವುದಿಲ್ಲ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪ ಅಜ್ಜನನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಜ್ಜ ಮರೆತುಹೋಗಿದ್ದ ಕನ್ನಡಕವನ್ನು ಹೊಸಪೇಟೆಯ ನಮ್ಮ ಹಿತ್ತಲಿನ ತಾಮ್ರದ ಹಂಡೆಯಲ್ಲಿ ಮುಳುಗಿಸಿ, ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಬಿಸಿಲು ಹೊಳೆದು ಎರಡು ಫೋಟೋ ಕೆಟ್ಟವು. ಬಗ್ಗಿ ನನ್ನ ನೆರಳನ್ನೇ ನೀರಿನ ಮೇಲೆ ಬೀಳಿಸಿದೆ. ಗಾಜು ಕರಗಿಹೋದಂತಾಗಿ ಕಪ್ಪು ಫ್ರೇಮು ಮಾತ್ರ ಅಲುಗಾಡಿತು.

"ತಗಿಯಲೇ ಜಲ್ದಿ!" ಅಜ್ಜಿ ಓಡಿಬಂದಳು. "ಸತ್ತೋರ ಸಾಮಾನು ಹೊಳಿಗೆ ಬಿಡ್ತಾರ, ಇದ್ದೋರದ್ದಲ್ಲ!"

ಕನ್ನಡಕ ಎತ್ತಿಕೊಡುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಅಪ್ಪನ ಫೋನು. ಒದ್ದೆ ಬೆರಳು ಜಾರಿತೇ ಹೊರತು ಕರೆ ಎತ್ತಲಾಗಲಿಲ್ಲ.

"ಕೈ ಒರಸ್ಕೋ," ಎಂದು ಅಜ್ಜಿ ಸೆರಗು ಚಾಚಿದಳು.

ಒರೆಸಿಕೊಂಡೆ. ಮೊಬೈಲು ಇನ್ನೂ ಬಡಿದುಕೊಳ್ಳುತ್ತಿದ್ದರೂ, ಕೈ ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದೆ.