ಹನ್ನೆರಡು ಗಂಟೆಯ ಸುದ್ದಿ

ಲೂಥರ್‌ನನ್ನು ಮಣ್ಣು ಮಾಡಿ ಬಂದವರು ಚರ್ಚಿನ ಊಟದ ಹಾಲ್‌ನಲ್ಲಿ ಒಂದು ಮೇಜಿಗೂ ಸಾಲಲಿಲ್ಲ. ಊರಿಗೆ ಊರೇ ಬರುತ್ತದೆಂದು ಹೆಂಗಸರು ಬೆಳಗಿನಿಂದ ಕೋಳಿ ಕರಿದು, ಸೊಪ್ಪು ಬೇಯಿಸಿ, ಕೇಕು ಮಾಡಿಟ್ಟಿದ್ದರು. ಅಲಬಾಮಾದ ಆ ಪುಟ್ಟ ಊರಿನಲ್ಲಿ ಲೂಥರ್‌ನ ಕತ್ತರಿಗೆ ತಲೆ ಕೊಡದ ಗಂಡಸೇ ಇರಲಿಲ್ಲ. ಅಂಥವನ ಸಾವಿಗೆ ಈ ನಾಲ್ಕು ಜನವೇ? ಹೆಂಡತಿ ಲವೋನಿಯಾ ಖಾಲಿ ಕುರ್ಚಿಗಳನ್ನು ಎಣಿಸಿದಳು.

ಯಾಕೆ ಹೀಗಾಯಿತೆಂದು ಅವಳಿಗೆ ಗೊತ್ತಿತ್ತು. ಏಸುವಿನ ಹಾಡು ಹಾಕುವ ಊರಿನ ಸುವಾರ್ತೆ ರೇಡಿಯೋ, ಯಾರಾದರೂ ಸತ್ತರೆ ಮಧ್ಯಾಹ್ನ ಹನ್ನೆರಡಕ್ಕೆ ಹಾಡು ನಿಲ್ಲಿಸಿ, ಗಂಟೆ ಬಾರಿಸಿ, ಸತ್ತವರ ಹೆಸರು ಹೇಳುತ್ತಿತ್ತು. ಹತ್ತಿಹೊಲದಲ್ಲಿದ್ದವರೂ ಟೋಪಿ ತೆಗೆದು ನಿಂತು ಕೇಳುತ್ತಿದ್ದರು. ಹೋದ ವಾರ ಆ ರೇಡಿಯೋ ಕಟ್ಟಿದ ಹಳೆಯ ಪಾಸ್ಟರರ ಮಗ ಅದನ್ನು ದೂರದ ಯಾವುದೋ ಕಂಪನಿಗೆ ಮಾರಿಬಿಟ್ಟಿದ್ದ. ಲೂಥರ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ಏರ್ಪಾಟು ಮಾಡುವ ಶವಪೆಟ್ಟಿಗೆಯವನು ಹೆಸರು ಓದಿಸಲು ರೇಡಿಯೋಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಿದ್ದು ಯಂತ್ರ.

ಲವೋನಿಯಾ ತಟ್ಟೆ ಮುಟ್ಟಲಿಲ್ಲ. ಕರಿ ಉಡುಪಿನಲ್ಲೇ ಕಾರು ಹತ್ತಿ ಸೀದಾ ರೇಡಿಯೋ ಕಟ್ಟಡಕ್ಕೆ ಹೋದಳು. ಏಣಿಯ ಮೇಲೆ ಒಬ್ಬ ಯುವಕ ಹೊಸ ಹೆಸರಿನ ಫಲಕ ಕೂರಿಸುತ್ತಿದ್ದ.

"ಇಲ್ಲಿ ಸುದ್ದಿ ಓದೋರು ಯಾರಪ್ಪಾ?"

"ಇಲ್ಲಿ ಯಾರೂ ಇಲ್ಲಮ್ಮ, ಬರೀ ಮಷಿನ್ನು. ಎಲ್ಲಾ ಕೊಲೊರಾಡೋದ ಕಂಪನಿಯಿಂದ ಬರುತ್ತೆ."

"ನನ್ನ ಗಂಡ ಸತ್ತ. ನಿಮ್ಮ ರೇಡಿಯೋ ತುಟಿ ಪಿಟಕ್ಕನ್ನಲಿಲ್ಲ."

ಅವನು ಕೆಳಗಿಳಿದು ಬಂದ. ಹುಡುಗ ಕೆಟ್ಟವನೇನಲ್ಲ, ಹೇಳಿಕೊಟ್ಟದ್ದನ್ನು ಒಪ್ಪಿಸಿದ. "ಛೆ, ಹಾಗಾಗಬಾರದಿತ್ತು. ಆದ್ರೆ ಹೊಸಬರು ಸಾವಿನ ಸುದ್ದಿ ತೆಗೆದುಹಾಕಿದಾರಮ್ಮ. ಕೇಳೋರಿಗೆ ಬೇಜಾರಾಗುತ್ತಂತೆ. ಈಗ ಹಗಲೂ ರಾತ್ರಿ ಏಸುವಿನ ಹಾಡೇ."

"ಬೈಬಲ್‌ನಲ್ಲಿ ಗೆಳೆಯ ಲಾಜರ ಸತ್ತಾಗ ಏಸುವೇ ಅತ್ತ ಕಣಯ್ಯಾ. ಅವನಿಗಿಂತ ನಿಮ್ಮ ಕಂಪನಿ ಹೆಚ್ಚೋ?"

"ಫೋನಲ್ಲೇ ಪ್ರಾರ್ಥನೆ ಮಾಡಿಸೋಕೆ ಕಂಪನಿಯದೊಂದು ನಂಬರ್ ಇದೆ, ಕೊಡ್ಲಾ?"

"ಆ ಕಡೆ ಫೋನ್ ಎತ್ತೋರಿಗೆ ಲೂಥರ್ ಯಾರು ಅಂತ ಗೊತ್ತಾ?"

ಹುಡುಗ ಮತ್ತೆ ಏಣಿ ಹತ್ತಿದ. ದೇವರ ಹೆಸರು ಹೇಳಿಕೊಂಡು ಊರಿನ ಬಾಯನ್ನೇ ಹೊಲಿದುಬಿಟ್ಟರಲ್ಲ ಎಂದು ಲವೋನಿಯಾಗೆ ಮೈಯೆಲ್ಲ ಉರಿಯಿತು. ಕಾರಿನ ಬಾಗಿಲನ್ನು ಧಡಾರನೆ ಹಾಕಿ ಹೊರಟಳು.

ದಾರಿಯಲ್ಲಿ ಕ್ಲಿಯೋಫಸ್‌ನ ಮನೆ. ಲೂಥರ್‌ಗೆ ಅವನು ಚಡ್ಡಿ ದೋಸ್ತ್. ಶವಪೆಟ್ಟಿಗೆಗೆ ಮೊದಲು ಹೆಗಲು ಕೊಡಬೇಕಾದವನೇ ಬಂದಿರಲಿಲ್ಲ. ಕಣ್ಣು ಹೋದ ಮೇಲೆ ಅವನಿಗೆ ಲೋಕವೆಂದರೆ ರೇಡಿಯೋ. ಈಗಲೂ ಜಗಲಿಯಲ್ಲಿ ಅದನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದ. ಕಾರಿನ ಸದ್ದಿಗೇ ಗುರುತು ಹಿಡಿದ.

"ಬಾ ಲವೋನಿಯಾ. ಹೇಗಿದಾನೆ ನಮ್ಮ ಕ್ಷೌರಿಕ? ಆಸ್ಪತ್ರೆಯಿಂದ ಯಾವಾಗ ಬಿಡ್ತಾರಂತೆ?"

ಅವಳು ಜಗಲಿ ಹತ್ತಿದಳು. "ಹೋಗ್ಬಿಟ್ಟ, ಕ್ಲಿಯೋಫಸ್. ಈಗ ತಾನೆ ಮಣ್ಣು ಮಾಡಿ ಬಂದೆ."

ಕ್ಲಿಯೋಫಸ್ ತೊಡೆ ತಟ್ಟಿಕೊಂಡು ನಕ್ಕ. "ನನ್ನ ಹೆದರಿಸು ಅಂತ ಅವನೇ ಹೇಳಿಕಳಿಸಿದನೇನು? ವಾರದಿಂದ ರೇಡಿಯೋ ಬಿಟ್ಟು ಎದ್ದಿಲ್ಲ ನಾನು, ಒಂದು ದಿನವೂ ಗಂಟೆ ಕೇಳಿಲ್ಲ. ಊರಲ್ಲಿ ಯಾರೂ ಸತ್ತಿಲ್ಲ, ಹೋಗು."