ಗೋವಾಕ್ಕೆ ಹೋಗಿಬಂದ ಕಲ್ಲು

ಎಣ್ಣೆ ಬೆರೆಸಿದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ಆ ಮಧ್ಯಾಹ್ನ ಇಳಕಲ್ಲಿನ ನಮ್ಮ ಮನೆಯ ಮುಂದೆ ಅಪ್ಪನ ಸಣ್ಣ ಮೋಟಾರ್‌ಸೈಕಲ್ಲು ಗೋವಾಕ್ಕೆ ಹೊರಟು ನಿಂತಿತ್ತು. ಟ್ಯಾಂಕಿನ ಮೇಲೆ ತಮ್ಮ, ಹಿಂದೆ ಅವ್ವ, ಪಕ್ಕದ ಚೀಲದಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ. "ನೀನೂ ಏರಿದರ ಬಾದಾಮಿ ದಾಟೂದ್ರಾಗ ಇಂಜಿನ್ ಕುಂತುಬಿಡತೈತಿ. ಅಷ್ಟು ಭಾರ ತಡಿಯಂಗಿಲ್ಲವ್ವಾ," ಎಂದಿದ್ದ ಅಪ್ಪ.

ಅಷ್ಟರಲ್ಲಿ ಅಜ್ಜಿ ಓಡಿಬಂದಳು. "ನಿಂದರ್ರಿ! ಮೂರು ಮಂದಿ ಕೂಡಿ ಹೊಂಡಬಾರ್ದು." ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲನ್ನು ಚೀಲದೊಳಗೆ ಹಾಕಿದಳು. ನಾನು ಕುಂಟಾಬಿಲ್ಲೆ ಆಡುತ್ತಿದ್ದ ನನ್ನದೇ ಕೆಂಪು ಕಲ್ಲು!

"ನಾಲ್ಕನೇದಾಕಿ ನಾ ಇಲ್ಲೇ ನಿಂತೇನಲ್ಲ ಅಜ್ಜಿ! ಕಲ್ಲಿಗೆ ಭಾರ ಇಲ್ಲೇನು?" ಎಂದು ಚೀರಿದೆ.

"ಕಲ್ಲು ಹಾದ್ಯಾಗ ಹಸಿವು ಅಂತ ಅಳಂಗಿಲ್ಲ," ಎಂದಳು.

ಅಪ್ಪ ನಗುತ್ತ ಕಿಕ್ ಹೊಡೆದ. ಗಾಡಿ ನನ್ನ ಮುಖಕ್ಕೆ ನೀಲಿ ಹೊಗೆ ಬಿಟ್ಟು ಹುನಗುಂದದ ರಸ್ತೆ ಹಿಡಿಯಿತು.

ತಿರುಗಿ ಬಂದ ದಿನ ತಮ್ಮ ಕಲ್ಲನ್ನು ನನ್ನ ಕೈಗಿಟ್ಟ. "ಸಮುದ್ರದಾಗ ಅದ್ದಿಕೊಂಡು ಬಂದೇನಿ ಅಕ್ಕಾ."

ಹಿತ್ತಲಿಗೆ ಬೀಸಿ ಒಗೆದೆ. ಆಮೇಲೆ ಯಾರಿಗೂ ಕಾಣದಂತೆ ಹುಡುಕಿ ತಂದು, ನೆಕ್ಕಿ ನೋಡಿದೆ.

ಉಪ್ಪಾಗಿತ್ತು.