ಟರ್ಪಿಟ್ಯೂಡ್

ಮಕ್ಕಳಿಗೆಂದು ಬಂದ ಮೊಟ್ಟೆ ಕದ್ದಳೆಂದು ಅಂಗನವಾಡಿ ಸಹಾಯಕಿಯನ್ನು ಕೆಲಸದಿಂದ ತೆಗೆದಿದ್ದರು. ಕೆಲಸ ವಾಪಸು ಕೊಡಿಸಿ ಎಂದು ಅವಳು ವಕೀಲರ ಮುಂದೆ ಕೂತಿದ್ದಳು.

“ಆರ್ಡರಲ್ಲಿ ಟರ್ಪಿಟ್ಯೂಡ್ ಅಂತ ಹಾಕಿಬಿಟ್ಟಿದ್ದಾರಲ್ಲಮ್ಮ. ಕಷ್ಟ.”

“ಹಂಗಂದ್ರೇನು ಸಾರ್?”

“ನೀಚತನ. ಲ್ಯಾಟಿನ್ನಿಂದ ಬಂದ ಪದ. ಮೂಲದಲ್ಲಿ ಕುರೂಪ, ಅಸಹ್ಯ ಅಂತ ಅರ್ಥ. ಕಳ್ಳತನ ಅದರಲ್ಲಿ ಬರುತ್ತೆ.”

ಅವಳು ಸೆರಗು ಸರಿಸಿ, ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಎಡಗೈಯನ್ನು ಮೇಜಿನ ಮೇಲಿಟ್ಟಳು.

“ಇದು ಬರುತ್ತಾ? ನಮ್ಮನೆಯವರು ಮುರಿದಿದ್ದು. ಕೋರ್ಟಲ್ಲಿ ಸಾಬೀತೂ ಆಯ್ತು. ಅವರೂ ಸರ್ಕಾರಿ ಆಫೀಸಲ್ಲಿ ಜವಾನ.”

“ದಂಡ ಹಾಕಿದ್ರಾ?”

“ಹೂಂ. ಕಟ್ಟಿ, ಮಾರನೇ ದಿನ ಡ್ಯೂಟಿಗೆ ಹೋದ್ರು.”

“ಸಿಟ್ಟಲ್ಲಿ ಹೊಡೆದಿದ್ದಕ್ಕೆ ಸಾಮಾನ್ಯವಾಗಿ ಈ ಪದ ಹಾಕಲ್ಲಮ್ಮ.” ವಕೀಲರು ಪೆನ್ನಿನ ಮುಚ್ಚಳ ತೆಗೆದರು. “ಅದಿರಲಿ, ನಿನ್ನ ವಿಷಯಕ್ಕೆ ಬರೋಣ. ಮನೇಲಿ ಮಕ್ಕಳು ಹಸ್ಕೊಂಡಿದ್ವು ಅಂತ ಬರೀಲಾ?”

“ನಮಗೆ ಮಕ್ಕಳಿಲ್ಲ ಸಾರ್.”

“ಮತ್ತೆ ಮೊಟ್ಟೆ ಯಾರಿಗೆ ಒಯ್ದೆ?”

“ನಮ್ಮನೆಯವರಿಗೇ. ಮೊದಲು ತರಲ್ಲ ಅಂದೆ. ಅವತ್ತೇ ಕೈ ಮುರಿದಿದ್ದು.”